ಸರ್ವರ್‌ನ ಕಾನ್ಫಿಗ್ ಫೈಲುಗಳನ್ನು ಆರಿಸಿ ಬ್ಯಾಕಪ್ ಮಾಡುವುದು ಹೇಗೆ? ಶೆಲ್ ಸ್ಕ್ರಿಪ್ಟ್‌ಗೊಂದು ಮಾರ್ಗದರ್ಶಿ

ಸೊಸೈಟಿ, ಟ್ಯೂಷನ್ ಸೆಂಟರ್, ಪ್ರಿಂಟಿಂಗ್ ಪ್ರೆಸ್, ರಕ್ತಪರೀಕ್ಷೆಯ ಲ್ಯಾಬ್. ಮೈಸೂರು, ಮಂಡ್ಯದಲ್ಲಿ ಇಂಥ ಎಷ್ಟೋ ಕಡೆ ಮೂಲೆಯಲ್ಲೊಂದು ಲಿನಕ್ಸ್ ಸರ್ವರ್ ಸದ್ದಿಲ್ಲದೆ ದುಡಿಯುತ್ತಿರುತ್ತದೆ. ಅದನ್ನು ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವುದು ಇದನ್ನೇ: ‘ಡೇಟಾ ಬ್ಯಾಕಪ್ ಇತ್ತು, ಸರಿ. ಆದರೆ ಡಿಸ್ಕ್ ಕೆಟ್ಟ ಮೇಲೆ ಪ್ರಿಂಟರು, ಶೇರ್ ಫೋಲ್ಡರು, ವೆಬ್‌ಸೈಟು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರೋಕೆ ದಿನಗಟ್ಟಲೆ ಹಿಡಿಯಿತು. ಸೆಟ್ಟಿಂಗ್‌ಗಳನ್ನೂ ಎತ್ತಿಡೋಕೆ ಆಗಲ್ವಾ?’

ಆಗುತ್ತದೆ. ಸೆಟ್ಟಿಂಗ್‌ಗಳಿರುವುದು ಕಾನ್ಫಿಗ್ ಫೈಲುಗಳಲ್ಲಿ; ಅವನ್ನು ಎತ್ತಿಡುವ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಬರೆಯುವುದು ಒಂದು ಗಂಟೆಯ ಕೆಲಸವೂ ಅಲ್ಲ. ತಲೆ ಓಡಿಸಬೇಕಾದದ್ದು ಅದಕ್ಕೂ ಮೊದಲು, ಯಾವ ಫೈಲು ಬೇಕು, ಯಾವುದು ಬೇಡ ಎಂಬ ಪಟ್ಟಿ ಮಾಡುವಾಗ. ಹಾಗಾಗಿ ಈ ಲೇಖನದಲ್ಲೂ ಪಟ್ಟಿಗೇ ಹೆಚ್ಚು ಜಾಗ.

ಓದುವ ಮುನ್ನ ಎರಡು ಮಾತು. ಇಲ್ಲಿರುವುದೆಲ್ಲ ಉಬುಂಟು ಮತ್ತು ಡೆಬಿಯನ್‌ಗೆ ಅನ್ವಯಿಸುವ ವಿವರ. ಕಮಾಂಡ್‌ಗಳನ್ನೂ ಫೈಲಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಎಂದು ಹೇಳದಿದ್ದ ಕಡೆಯೆಲ್ಲ ಸಣ್ಣಕ್ಷರ.

ಏನೇನು ಬೇಕು

ಸರ್ವರ್‌ನ ರೂಟ್ ಅಧಿಕಾರ (ಎಲ್ಲ ಫೈಲನ್ನೂ ಓದಬಲ್ಲ ಯಜಮಾನ ಖಾತೆ), ಅದೇ ಸರ್ವರ್‌ನಲ್ಲಿ ನೂರಿನ್ನೂರು ಎಂಬಿ ಜಾಗ, ಕಾಪಿ ಇಡಲು ಬೇರೆ ಕಡೆ ಇನ್ನೊಂದು ಕಂಪ್ಯೂಟರ್. ಬ್ಯಾಶ್ (ಸ್ಕ್ರಿಪ್ಟ್ ಓಡಿಸುವುದು), ಟಾರ್ (ಫೈಲುಗಳನ್ನೆಲ್ಲ ಒಂದೇ ಫೈಲಿನ ಕಟ್ಟು ಮಾಡುವುದು), ಜಿಜಿಪ್ (ಕಟ್ಟನ್ನು ಕುಗ್ಗಿಸುವುದು) ಉಬುಂಟು ಜೊತೆಗೇ ಬಂದಿರುತ್ತವೆ. ಜಿಪಿಜಿ (ಫೈಲನ್ನು ಗುಪ್ತರೂಪಕ್ಕೆ ತಿರುಗಿಸಿ ಬೀಗ ಹಾಕುವುದು), ಆರ್‌ಸಿಂಕ್ (ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡುವುದು), ಡೆಬ್‌ಸಮ್ಸ್ (ತಿದ್ದಿದ ಫೈಲು ಹುಡುಕುವುದು) ಇಲ್ಲದಿದ್ದರೆ ಪ್ಯಾಕೇಜ್ ಹಾಕುವ ಎಪಿಟಿ ಕಮಾಂಡ್‌ನಿಂದ ಹಾಕಿಕೊಳ್ಳಿ.

‘ಸೆಟ್ಟಿಂಗ್ ಫೈಲುಗಳಿರುವ /ಇಟಿಸಿ ಫೋಲ್ಡರ್ ಪೂರ್ತಿ ಕಾಪಿ ಮಾಡಿದರೆ ಮುಗೀತಲ್ಲ, ಆರಿಸುವ ಗೊಡವೆ ಯಾಕೆ?’ ಎಂದು ಕೇಳುವವರಿದ್ದಾರೆ. ಜಾಗ ಉಳಿಸಲು ಆರಿಸುತ್ತಿಲ್ಲ; ಸಣ್ಣ ಸರ್ವರ್‌ನ /ಇಟಿಸಿ ಸಾಮಾನ್ಯವಾಗಿ ಕೆಲವೇ ಎಂಬಿ. ಕಾರಣ ಬೇರೆ ಎರಡಿವೆ. ಒಂದು, ಅದರಲ್ಲಿರುವ ಸಾವಿರಾರು ಫೈಲುಗಳಲ್ಲಿ ನೀವು ಕೈಯಾಡಿಸಿದ್ದು ಕೆಲವು ಮಾತ್ರ. ಹೊಸ ಸರ್ವರ್ ಮೇಲೆ ಹಳೆಯ /ಇಟಿಸಿಯನ್ನು ಸಾರಾಸಗಟಾಗಿ ಸುರಿದರೆ ಅದು ಬೂಟ್ ಕೂಡ ಆಗದೇ ಹೋಗಬಹುದು. ಎರಡು, ನಿಮಗೆ ಬೇಕಾದ ಸೆಟ್ಟಿಂಗ್‌ಗಳೆಲ್ಲ /ಇಟಿಸಿಯಲ್ಲೇ ಇರುವುದಿಲ್ಲ. ಪೂರ್ತಿ /ಇಟಿಸಿ ಎತ್ತಿಟ್ಟುಕೊಂಡು ನಿಶ್ಚಿಂತರಾದವರು ಸಿಕ್ಕಿಬೀಳುವುದು ಈ ಎರಡನೆಯದರಲ್ಲೇ.

1. ಬದಲಾದ ಫೈಲುಗಳನ್ನು ಹುಡುಕಿ

ನೆನಪನ್ನು ನಂಬಬೇಡಿ, ಸರ್ವರ್‌ನ್ನೇ ಕೇಳಿ. ರೂಟ್ ಆಗಿ ‘ಡೆಬ್‌ಸಮ್ಸ್ ಹೈಫನ್ ಸಿಇ’ ಓಡಿಸಿ. ಪ್ಯಾಕೇಜ್ ಜೊತೆ ಬಂದ ಕಾನ್ಫಿಗ್ ಫೈಲುಗಳಲ್ಲಿ ಯಾವುದನ್ನು ತಿದ್ದಲಾಗಿದೆಯೋ ಅವುಗಳ ಪಟ್ಟಿಯನ್ನು ಅದು ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಪಟ್ಟಿ ಪೂರ್ಣವಲ್ಲ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ (ದೂರದಿಂದ ಲಾಗಿನ್ ಆಗುವ ಸೇವೆಯ ಸೆಟ್ಟಿಂಗ್), ಸಾಂಬಾದ ಎಸ್‌ಎಂಬಿ.ಕಾನ್ಫ್ (ಶೇರ್ ಫೋಲ್ಡರ್‌ಗಳ ಸೆಟ್ಟಿಂಗ್), ಪಿಎಚ್‌ಪಿ.ಐಎನ್‌ಐ (ವೆಬ್‌ಸೈಟ್‌ಗಳು ಬಳಸುವ ಪಿಎಚ್‌ಪಿಯ ಸೆಟ್ಟಿಂಗ್) ಇವುಗಳನ್ನು ಡೆಬಿಯನ್ ಕುಟುಂಬದಲ್ಲಿ ಯುಸಿಎಫ್ ಎಂಬ ಬೇರೊಂದು ವ್ಯವಸ್ಥೆ ನೋಡಿಕೊಳ್ಳುತ್ತದೆ. ಹಾಗಾಗಿ ನೀವು ಎಷ್ಟೇ ತಿದ್ದಿದ್ದರೂ ಇವು ಡೆಬ್‌ಸಮ್ಸ್ ಕಣ್ಣಿಗೆ ಬೀಳುವುದಿಲ್ಲ. ನೀವೇ ಹೊಸದಾಗಿ ಮಾಡಿದ ಫೈಲುಗಳೂ ಅಷ್ಟೇ.

ಅವನ್ನು ಹಿಡಿಯಲು ಫೈಂಡ್ ಕಮಾಂಡ್ ಬಳಸಿ: ‘ಫೈಂಡ್ /ಇಟಿಸಿ ಹೈಫನ್ ಟೈಪ್ ಎಫ್ ಹೈಫನ್ ನ್ಯೂಯರ್‌ಎಂಟಿ’, ಮುಂದೆ ಸರ್ವರ್ ಇನ್‌ಸ್ಟಾಲ್ ಮಾಡಿದ ಮಾರನೆಯ ದಿನದ ತಾರೀಕು, ವರ್ಷ-ತಿಂಗಳು-ದಿನ ಕ್ರಮದಲ್ಲಿ. ಪ್ಯಾಕೇಜಿನಿಂದ ಬಂದ ಫೈಲು ಅದನ್ನು ಕಟ್ಟಿದ ದಿನದ ತಾರೀಕನ್ನೇ ಹೊತ್ತಿರುತ್ತದೆ; ಆಮೇಲೆ ತಿದ್ದಿದ್ದಕ್ಕೆ ತಿದ್ದಿದ ದಿನದ ತಾರೀಕು. ನಡುವೆ ಅಪ್‌ಡೇಟ್‌ನಿಂದ ಬಂದ ಫೈಲುಗಳೂ ಪಟ್ಟಿಯಲ್ಲಿ ನುಸುಳುತ್ತವೆ, ಅವನ್ನು ಕೈಯಿಂದಲೇ ಆರಿಸಿ ತೆಗೆಯಬೇಕು.

2. /ಇಟಿಸಿಯ ಆಚೆ ಇರುವುದನ್ನು ಸೇರಿಸಿ

ಈ ಹಂತದಲ್ಲಿ ಅವಸರ ಮಾಡಬೇಡಿ. ಸಾಮಾನ್ಯವಾಗಿ ಬಿಟ್ಟುಹೋಗುವವು ಇವು:

ಕ್ರಾನ್‌ಟ್ಯಾಬ್‌ಗಳು (ಗೊತ್ತಾದ ವೇಳೆಗೆ ಕಮಾಂಡ್ ಓಡಿಸುವ ಕ್ರಾನ್ ಸೇವೆಯ ವೇಳಾಪಟ್ಟಿಗಳು). ‘ಕ್ರಾನ್‌ಟ್ಯಾಬ್ ಹೈಫನ್ ಇ’ ಎಂದು ಕೊಟ್ಟು ಬರೆದ ವೇಳಾಪಟ್ಟಿ /ಇಟಿಸಿಯಲ್ಲಿ ಕೂರುವುದಿಲ್ಲ. ಅದು /ವಾರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್ ಒಳಗೆ ಒಬ್ಬೊಬ್ಬ ಬಳಕೆದಾರರ ಹೆಸರಿನಲ್ಲಿರುತ್ತದೆ.

ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳು. ಹೆಚ್ಚಾಗಿ /ಯುಎಸ್‌ಆರ್/ಲೋಕಲ್ ಅಡಿಯ ಬಿನ್ ಅಥವಾ ಎಸ್‌ಬಿನ್‌ನಲ್ಲಿ. ಡಾಕರ್ ಬಳಸುವವರ ಕಂಪೋಸ್ ಫೈಲುಗಳು, ಪಾಸ್‌ವರ್ಡ್ ಇರುವ ‘.ಇಎನ್‌ವಿ’ ಫೈಲುಗಳು /ಆಪ್ಟ್ ಅಥವಾ /ಎಸ್‌ಆರ್‌ವಿಯಲ್ಲಿ.

ಲಾಗಿನ್ ಕೀಗಳು. /ರೂಟ್ ಮತ್ತು /ಹೋಮ್ ಕೆಳಗಿನ ಪ್ರತಿ ಖಾತೆಯಲ್ಲಿ ‘.ಎಸ್‌ಎಸ್‌ಎಚ್’ ಎಂಬ ಮರೆಯಾದ ಫೋಲ್ಡರ್.

ಸಾಂಬಾ ಪಾಸ್‌ವರ್ಡ್‌ಗಳು. ಎಸ್‌ಎಂಬಿ.ಕಾನ್ಫ್ ಒಂದನ್ನೇ ಎತ್ತಿಟ್ಟರೆ ಶೇರ್ ಫೋಲ್ಡರು ಕಾಣಿಸುತ್ತದೆ, ಯಾರಿಗೂ ಲಾಗಿನ್ ಆಗುವುದಿಲ್ಲ. ಪಾಸ್‌ವರ್ಡ್‌ಗಳು ಇರುವುದು /ವಾರ್/ಲಿಬ್/ಸಾಂಬಾ/ಪ್ರೈವೇಟ್ ಒಳಗಿನ ಪಾಸ್‌ಡಿಬಿ.ಟಿಡಿಬಿಯಲ್ಲಿ. ಇದು ಸಣ್ಣ ಡೇಟಾಬೇಸು. ಸಾಂಬಾ ಓಡುತ್ತಿರುವಾಗ ನೇರ ಕಾಪಿ ಮಾಡದೆ ಟಿಡಿಬಿಬ್ಯಾಕಪ್ ಕಮಾಂಡ್‌ನಿಂದ ಪ್ರತಿ ತೆಗೆದು, ಆ ಪ್ರತಿಯನ್ನು ಪಟ್ಟಿಗೆ ಸೇರಿಸಿ.

ಮೈಎಸ್‌ಕ್ಯೂಎಲ್ ಬಳಕೆದಾರರೂ ಅವರ ಅಧಿಕಾರಗಳೂ /ಇಟಿಸಿ/ಮೈಎಸ್‌ಕ್ಯೂಎಲ್‌ನಲ್ಲಿ ಇರುವುದಿಲ್ಲ, ಡೇಟಾಬೇಸ್ ಒಳಗೇ ಇರುತ್ತವೆ. ಅದಕ್ಕೆ ಮೈಎಸ್‌ಕ್ಯೂಎಲ್‌ಡಂಪ್ ಬೇಕು. ಅದು ಈ ಸ್ಕ್ರಿಪ್ಟ್‌ನ ಕೆಲಸವಲ್ಲ.

ಇನ್ನು ಲಿಂಕ್‌ಗಳ ವಿಚಾರ. ವೆಬ್‌ಸೈಟ್ ನಡೆಸುವ ಎಂಜಿನ್‌ಎಕ್ಸ್‌ನ ಸೈಟ್ಸ್-ಎನೇಬಲ್ಡ್ ಫೋಲ್ಡರ್‌ನಲ್ಲಿರುವುದು ಸಾಮಾನ್ಯವಾಗಿ ಸಿಮ್‌ಲಿಂಕ್, ಅಂದರೆ ‘ನಿಜವಾದ ಫೈಲು ಅಲ್ಲಿದೆ’ ಎಂದು ತೋರಿಸುವ ಬಾಣದ ಗುರುತು ಮಾತ್ರ. ಟಾರ್ ಆ ಗುರುತನ್ನಷ್ಟೇ ಎತ್ತಿಡುತ್ತದೆ. ಅದಕ್ಕೆ ಸೈಟ್ಸ್-ಅವೈಲಬಲ್ ಕೂಡ ಪಟ್ಟಿಯಲ್ಲಿರಲೇಬೇಕು. ವೆಬ್‌ಸೈಟಿನ ಸುರಕ್ಷತೆಗೆ ಹಾಕುವ ಲೆಟ್ಸ್‌ಎನ್‌ಕ್ರಿಪ್ಟ್ ಸರ್ಟಿಫಿಕೇಟ್‌ಗಳದ್ದೂ ಇದೇ ಕತೆ: ಲೈವ್ ಫೋಲ್ಡರ್‌ನಲ್ಲಿ ಲಿಂಕು, ಆರ್ಕೈವ್ ಫೋಲ್ಡರ್‌ನಲ್ಲಿ ಅಸಲು. ಟಾರ್‌ಗೆ ‘ಹೈಫನ್ ಎಚ್’ ಕೊಟ್ಟು ಲಿಂಕ್‌ಗಳನ್ನೆಲ್ಲ ಅಸಲು ಫೈಲು ಮಾಡಿಬಿಡಬಹುದು, ಆದರೆ ಬೇಡ. ವಾಪಸ್ ಹಾಕಿದಾಗ ಲಿಂಕ್ ಇರಬೇಕಾದಲ್ಲಿ ಫೈಲು ಕೂತು, ಸರ್ಟಿಫಿಕೇಟ್ ನವೀಕರಣ ಕೆಡುತ್ತದೆ. /ಇಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್ ಪೂರ್ತಿ ತೆಗೆದುಕೊಳ್ಳಿ.

3. ಎರಡು ಪಟ್ಟಿ ಬರೆಯಿರಿ

ಒಂದು ‘ಬೇಕು’ ಪಟ್ಟಿ, ಇನ್ನೊಂದು ‘ಬೇಡ’ ಪಟ್ಟಿ. ಎರಡೂ ಸಾದಾ ಟೆಕ್ಸ್ಟ್ ಫೈಲುಗಳು, ಒಂದು ಸಾಲಿಗೆ ಒಂದೇ ಹಾದಿ (ಫೈಲು ಅಥವಾ ಫೋಲ್ಡರ್ ಇರುವ ಪೂರ್ತಿ ವಿಳಾಸ), ಪ್ರತಿ ಗುಂಪಿನ ಮೇಲೆ ಹ್ಯಾಶ್ ಗುರುತಿನಿಂದ ಶುರುವಾಗುವ ಟಿಪ್ಪಣಿ: ಯಾಕೆ ಬೇಕು, ಯಾವ ಸೇವೆಯದ್ದು. ಈ ಟಿಪ್ಪಣಿ ಬರೆಯಲು ಬೇಸರಪಡಬೇಡಿ. ಮುಂದೆ ಈ ಪಟ್ಟಿ ಓದುವವರು ನೀವೇ ಆಗಿರಬೇಕೆಂದಿಲ್ಲ. ಪಟ್ಟಿಗಳನ್ನೂ ಸ್ಕ್ರಿಪ್ಟ್‌ನ್ನೂ ‘ಬೇಕು’ ಪಟ್ಟಿಗೇ ಸೇರಿಸಿ.

‘ಬೇಡ’ ಪಟ್ಟಿಗೆ: /ಇಟಿಸಿ/ಎಲ್‌ಡಿ.ಎಸ್‌ಒ.ಕ್ಯಾಶೆ, /ಇಟಿಸಿ/ಆಲ್ಟರ್ನೇಟಿವ್ಸ್, ಡಿಪಿಕೆಜಿ-ಓಲ್ಡ್ ಮತ್ತು ಡಿಪಿಕೆಜಿ-ಡಿಸ್ಟ್ ಎಂದು ಕೊನೆಯಾಗುವ ಫೈಲುಗಳು, ಎಡಿಟರ್ ಬಿಟ್ಟುಹೋದ ತಾತ್ಕಾಲಿಕ ಫೈಲುಗಳು. /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್ ಹೆಚ್ಚಿನದು ತಾನೇ ಹುಟ್ಟುವಂಥದ್ದು. ಅಲ್ಲಿ ನಿಮ್ಮ ಸ್ವಂತ ಸರ್ಟಿಫಿಕೇಟ್ ಇಟ್ಟಿದ್ದರೆ ಮಾತ್ರ ಆ ಫೈಲನ್ನು ಬಿಡದೆ ಆರಿಸಿಕೊಳ್ಳಿ.

ಪಟ್ಟಿಯನ್ನು ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಬರೆದು ಪೆನ್‌ಡ್ರೈವ್‌ನಲ್ಲಿ ತರುವವರು ಒಂದು ತೊಂದರೆಗೆ ಸಿಗುತ್ತಾರೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಗುರುತು ಸೇರಿಸುತ್ತದೆ. ಹಾದಿ ಸರಿಯಾಗಿ ಕಂಡರೂ ‘ಅಂಥ ಫೈಲು ಇಲ್ಲ’ ಎಂದು ಲಿನಕ್ಸ್ ಹೇಳುತ್ತದೆ. ಸ್ಕ್ರಿಪ್ಟ್‌ನ್ನೇ ಹಾಗೆ ಬರೆದಿದ್ದರೆ ಮೊದಲ ಸಾಲಿಗೇ ದೂರು ಬರುತ್ತದೆ. ಡಾಸ್2ಯುನಿಕ್ಸ್ ಕಮಾಂಡ್ ಒಮ್ಮೆ ಓಡಿಸಿದರೆ ಸರಿಹೋಗುತ್ತದೆ.

4. ಸ್ಕ್ರಿಪ್ಟ್ ಬರೆಯಿರಿ

ಸಾಲುಗಳ ಕ್ರಮ ಹೀಗಿರಲಿ.

ಮೊದಲು ಬ್ಯಾಶ್‌ನ ಸಾಲು (ಸ್ಕ್ರಿಪ್ಟ್‌ನ್ನು ಬ್ಯಾಶ್ ಓಡಿಸಬೇಕೆಂದು ಹೇಳುವ ಸಾಲು), ಅದರ ಕೆಳಗೆ ‘ಸೆಟ್ ಹೈಫನ್ ಇಯುಒ ಪೈಪ್‌ಫೇಲ್’. ಯಾವುದಾದರೂ ಕಮಾಂಡ್ ಸೋತರೆ, ಮೌಲ್ಯ ಕೊಡದ ಹೆಸರು (ವೇರಿಯಬಲ್) ಬಳಕೆಯಾದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ ಎಂದರ್ಥ. ಮುಂದೆ ‘ಯುಮಾಸ್ಕ್ 077’. ಈ ಕಟ್ಟಿನಲ್ಲಿ ಪಾಸ್‌ವರ್ಡ್‌ಗಳಿರುತ್ತವೆ. ಈ ಸಾಲು ಇಲ್ಲದಿದ್ದರೆ ಸರ್ವರ್‌ನ ಬೇರೆ ಬಳಕೆದಾರರೂ ಅದನ್ನು ಬಿಚ್ಚಿ ನೋಡಬಹುದು. ಆಮೇಲೆ ಪಾತ್ ಸಾಲು (ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ; ಪಾತ್ ಎಂಬ ಹೆಸರು ಪೂರ್ತಿ ದೊಡ್ಡಕ್ಷರ), ಪೂರ್ತಿಯಾಗಿ ಬರೆಯಿರಿ. ಕ್ರಾನ್ ಓಡಿಸುವಾಗ ಸಿಗುವ ಪಾತ್ ಬಹಳ ಚಿಕ್ಕದು. ಕೈಯಿಂದ ಓಡಿಸಿದಾಗ ಕೆಲಸ ಮಾಡಿದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಮುಗ್ಗರಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಫ್ಲಾಕ್ ಕಮಾಂಡ್‌ನಿಂದ ಬೀಗ ಹಾಕಿ. ಒಂದು ಸಲದ ಓಟ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ.

ಈಗ ‘ಬೇಕು’ ಪಟ್ಟಿಯನ್ನು ಗ್ರೆಪ್‌ನಿಂದ ಸೋಸಿ, ಟಿಪ್ಪಣಿ ಮತ್ತು ಖಾಲಿ ಸಾಲುಗಳನ್ನು ತೆಗೆದು ತಾತ್ಕಾಲಿಕ ಫೈಲಿಗೆ ಹಾಕಿ. ಟಾರ್‌ಗೆ ಹ್ಯಾಶ್ ಟಿಪ್ಪಣಿ ಅರ್ಥವಾಗುವುದಿಲ್ಲ, ಅದನ್ನೂ ಫೈಲಿನ ಹೆಸರೆಂದೇ ಹುಡುಕುತ್ತದೆ. ‘ಬೇಡ’ ಪಟ್ಟಿಯನ್ನೂ ಹಾಗೆಯೇ ಸೋಸಿ. ನಂತರ ‘ಬೇಕು’ವಿನ ಒಂದೊಂದು ಸಾಲನ್ನೂ ಓದಿ, ಆ ಹಾದಿ ಇದೆಯೇ ಎಂದು ಪರೀಕ್ಷಿಸಿ. ಇಲ್ಲದ್ದು ಸಿಕ್ಕರೆ ಲಾಗ್‌ನಲ್ಲಿ ಹೆಸರು ಬರೆದು, ಸೋಸಿದ ಪಟ್ಟಿಯಿಂದ ಅದನ್ನು ತೆಗೆದು, ‘ಲೋಪ’ ಎಂಬ ಗುರುತನ್ನು 1 ಮಾಡಿ, ಉಳಿದದ್ದನ್ನು ಮುಂದುವರಿಸಿ. ಒಂದು ಫೈಲು ಕಾಣೆಯಾಯಿತೆಂದು ಇಡೀ ಬ್ಯಾಕಪ್ ನಿಲ್ಲಬಾರದು. ಕಾಣೆಯಾದದ್ದು ಯಾರಿಗೂ ತಿಳಿಯದೆಯೂ ಹೋಗಬಾರದು; ಗುರುತು 1 ಆಗಿದ್ದರೆ ಸ್ಕ್ರಿಪ್ಟ್ ಕೊನೆಗೆ ಅದನ್ನು ತಿಳಿಸಲಿ.

ಟಾರ್ ಓಡಿಸುವ ಮೊದಲು ಒಂದು ಟೆಕ್ಸ್ಟ್ ಫೈಲಿಗೆ ಮೂರು ಮಾಹಿತಿ ಬರೆಸಿ, ಅದನ್ನೂ ಕಟ್ಟಿಗೆ ಸೇರಿಸಿ: ‘ಎಪಿಟಿ-ಮಾರ್ಕ್ ಶೋಮ್ಯಾನ್ಯುಯಲ್’ (ನೀವಾಗಿ ಹಾಕಿದ ಪ್ಯಾಕೇಜ್‌ಗಳ ಪಟ್ಟಿ), ‘ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್’ (ಡಿಸ್ಕ್ ಭಾಗಗಳು), ‘ಐಪಿ ಅಡ್ರೆಸ್’ (ನೆಟ್‌ವರ್ಕ್ ವಿಳಾಸಗಳು). ಹೊಸ ಸರ್ವರ್ ಕಟ್ಟುವ ದಿನ ಮೊದಲು ತೆರೆಯುವುದು ಈ ಫೈಲನ್ನೇ.

ಟಾರ್‌ಗೆ ಕೊಡಬೇಕಾದ ಆಯ್ಕೆಗಳು: ಸಿ (ಹೊಸ ಕಟ್ಟು ಮಾಡು), ಜಡ್ (ಜಿಜಿಪ್‌ನಿಂದ ಕುಗ್ಗಿಸು), ಎಫ್ (ಕಟ್ಟಿನ ಹೆಸರು), ದೊಡ್ಡಕ್ಷರದ ಎಕ್ಸ್ ಮುಂದೆ ‘ಬೇಡ’ ಪಟ್ಟಿ, ದೊಡ್ಡಕ್ಷರದ ಟಿ ಮುಂದೆ ಸೋಸಿದ ‘ಬೇಕು’ ಪಟ್ಟಿ. ‘ಬೇಡ’ವನ್ನು ‘ಬೇಕು’ವಿಗಿಂತ ಮೊದಲು ಬರೆಯಿರಿ. ಕಟ್ಟಿನ ಹೆಸರಿನಲ್ಲಿ ಸರ್ವರ್‌ನ ಹೆಸರು, ತಾರೀಕು, ಗಂಟೆ, ನಿಮಿಷ ಇರಲಿ. ಮೊದಲು ‘.ಪಾರ್ಟ್’ ಎಂಬ ಬಾಲದೊಂದಿಗೆ ಬರೆಸಿ, ಎಲ್ಲ ಮುಗಿದ ಮೇಲೆ ಎಂವಿ ಕಮಾಂಡ್‌ನಿಂದ ಅಸಲು ಹೆಸರಿಡಿ. ನಡುವೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ ಉಳಿಯುವುದು ಅರೆಬರೆ ‘.ಪಾರ್ಟ್’ ಫೈಲು, ಅದು ಪೂರ್ಣ ಬ್ಯಾಕಪ್ ಎಂದು ಯಾರನ್ನೂ ನಂಬಿಸುವುದಿಲ್ಲ.

ಟಾರ್ ಕೊನೆಗೆ ಹಿಂದಿರುಗಿಸುವ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳಿ. 0 ಎಂದರೆ ಎಲ್ಲ ಸರಿ. 1 ಎಂದರೆ ಓದುತ್ತಿರುವಾಗಲೇ ಯಾವುದೋ ಫೈಲು ಬದಲಾಯಿತು. ಲಾಗ್ ನೋಡಿ, ಗಾಬರಿ ಬೇಡ. 2 ಎಂದರೆ ಬ್ಯಾಕಪ್ ಕೆಟ್ಟಿತು. ‘ಸೆಟ್ ಹೈಫನ್ ಇ’ ಇರುವುದರಿಂದ ಸಂಖ್ಯೆಯನ್ನು ಬೇರೆಯಾಗಿ ಹಿಡಿಯದಿದ್ದರೆ 1 ಬಂದರೂ ಸ್ಕ್ರಿಪ್ಟ್ ಸತ್ತುಹೋಗುತ್ತದೆ. ‘ರಿಮೂವಿಂಗ್ ಲೀಡಿಂಗ್’ ಎಂದು ಶುರುವಾಗುವ ಸಂದೇಶ ಕಂಡರೆ ಅದು ತಪ್ಪಲ್ಲ. ಹಾದಿಯ ಮೊದಲ ಓರೆಗೆರೆಯನ್ನು ಟಾರ್ ತೆಗೆಯುತ್ತಿದೆ, ಅಷ್ಟೆ. ಬಿಚ್ಚುವಾಗ ಅಸಲು ಫೈಲುಗಳ ಮೇಲೆ ಬೀಳದಿರಲಿ ಎಂದು ಮಾಡಿರುವ ರಕ್ಷಣೆ ಅದು. ಅದನ್ನು ದೊಡ್ಡಕ್ಷರದ ಪಿ ಕೊಟ್ಟು ತಪ್ಪಿಸಬೇಡಿ.

ಕೊನೆಗೆ ‘ಟಾರ್ ಹೈಫನ್ ಟಿಜಡ್‌ಎಫ್’ನಿಂದ ಕಟ್ಟಿನ ಒಳಗಿನ ಪಟ್ಟಿ ಓದಿಸಿ. ಓದಲು ಬಾರದ ಕಟ್ಟು ಅಲ್ಲೇ ಸಿಕ್ಕಿಬೀಳುತ್ತದೆ.

ಟಾರ್ ಬದಲು ಆರ್‌ಸಿಂಕ್‌ಗೆ ಪಟ್ಟಿ ಕೊಡುವವರು ನೆನಪಿಡಿ: ‘ಫೈಲ್ಸ್-ಫ್ರಮ್’ ಆಯ್ಕೆ ಬಳಸಿದಾಗ ‘ಹೈಫನ್ ಎ’ಯಲ್ಲಿ ಸಾಮಾನ್ಯವಾಗಿ ಅಡಗಿರುವ ‘ಹೈಫನ್ ಆರ್’ ಕೆಲಸ ಮಾಡುವುದಿಲ್ಲ. ಬೇರೆಯಾಗಿ ಬರೆಯದಿದ್ದರೆ ಪಟ್ಟಿಯಲ್ಲಿರುವ ಫೋಲ್ಡರುಗಳು ಖಾಲಿಯಾಗಿ ಹೋಗುತ್ತವೆ, ಯಾವ ದೂರೂ ಬರುವುದಿಲ್ಲ.

5. ಬೀಗ ಹಾಕಿ

/ಇಟಿಸಿ/ಶ್ಯಾಡೋ (ಪಾಸ್‌ವರ್ಡ್‌ಗಳ ಗುಪ್ತರೂಪ), ಸರ್ಟಿಫಿಕೇಟ್‌ನ ಖಾಸಗಿ ಕೀ ಎಲ್ಲವೂ ಇರುವ ಕಟ್ಟನ್ನು ಹಾಗೇ ಆನ್‌ಲೈನ್ ಡ್ರೈವ್‌ಗೆ ಏರಿಸಬಾರದು. ಜಿಪಿಜಿಯಲ್ಲಿ ಕೀಗಳ ಜೋಡಿ ಮಾಡಿ, ಸಾರ್ವಜನಿಕ ಕೀ ಮಾತ್ರ ಸರ್ವರ್‌ನಲ್ಲಿರಲಿ. ಅದರಿಂದ ಬೀಗ ಹಾಕಬಹುದು, ತೆಗೆಯಲಾಗದು. ಖಾಸಗಿ ಕೀ ಎರಡು ಪೆನ್‌ಡ್ರೈವ್‌ಗಳಲ್ಲಿ, ಎರಡು ಜಾಗದಲ್ಲಿ. ಅದರ ಪಾಸ್‌ಫ್ರೇಸ್ ಕಾಗದದಲ್ಲಿ ಬರೆದು ಕಚೇರಿಯ ಬೀರುವಿನಲ್ಲಿ. ಕೀ ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಸ್ಕ್ರಿಪ್ಟ್ ರೂಟ್ ಹೆಸರಿನಲ್ಲಿ ಓಡುವುದರಿಂದ ಸಾರ್ವಜನಿಕ ಕೀಯನ್ನು ರೂಟ್ ಆಗಿಯೇ ಇಂಪೋರ್ಟ್ ಮಾಡಿ. ‘ಈ ಕೀ ನಂಬಬಹುದೇ?’ ಎಂದು ಜಿಪಿಜಿ ಕೇಳುತ್ತದೆ, ಕ್ರಾನ್‌ನಲ್ಲಿ ಉತ್ತರಿಸಲು ಯಾರೂ ಇರುವುದಿಲ್ಲ, ಕೆಲಸ ನಿಲ್ಲುತ್ತದೆ. ಇಂಪೋರ್ಟ್ ಮಾಡಿದ ದಿನವೇ ಕೀಯ ಬೆರಳಚ್ಚು ಸಂಖ್ಯೆಯನ್ನು ತಾಳೆ ನೋಡಿ, ‘ಟ್ರಸ್ಟ್-ಮಾಡೆಲ್ ಆಲ್ವೇಸ್’ ಆಯ್ಕೆಯನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿಬಿಡಿ.

6. ಬೇರೆ ಕಡೆ ಕಳಿಸಿ, ಹಳೆಯದನ್ನು ಅಳಿಸಿ

ಅದೇ ಸರ್ವರ್‌ನ ಇನ್ನೊಂದು ಡಿಸ್ಕ್ ‘ಬೇರೆ ಕಡೆ’ ಅಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಕಚೇರಿ, ಮಂಡ್ಯದಲ್ಲಿ ಶಾಖೆ ಇದ್ದರೆ ಇಲ್ಲಿಯದು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಹೋಗಲಿ. ಕಟ್ಟು ಕೆಲವೇ ಎಂಬಿ, ಸಾಧಾರಣ ಬ್ರಾಡ್‌ಬ್ಯಾಂಡ್ ಸಾಕು.

ಎರಡನೆಯ ಕಂಪ್ಯೂಟರೇ ಬಂದು ಎಳೆದುಕೊಂಡು ಹೋಗುವುದು ಹೆಚ್ಚು ಸುರಕ್ಷಿತ. ಸರ್ವರ್‌ಗೆ ನುಗ್ಗಿದ ಕಳ್ಳನಿಗೆ ಅಲ್ಲಿಯ ಕಾಪಿಗಳು ಸಿಗುವುದಿಲ್ಲ. ಆದರೆ ಅದಕ್ಕೆ ಹೊರಗಿನಿಂದ ಸರ್ವರ್ ತಲುಪುವ ದಾರಿ ಬೇಕು, ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲ. ಆಗ ಸರ್ವರ್‌ನಿಂದಲೇ ತಳ್ಳಿ, ಅಲ್ಲಿ ಇದಕ್ಕೆಂದೇ ಬೇರೆ ಖಾತೆ ಮಾಡಿ. ಬಂದಿಳಿದ ಫೈಲನ್ನು ಅಲ್ಲಿಯ ಒಂದು ಕ್ರಾನ್ ರೂಟ್ ಮಾತ್ರ ಮುಟ್ಟಬಲ್ಲ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಲಿ.

ಹಳೆಯ ಕಟ್ಟುಗಳನ್ನು ದಿನದ ಲೆಕ್ಕದಲ್ಲಿ ಅಳಿಸಬೇಡಿ. ‘30 ದಿನ ದಾಟಿದ್ದನ್ನು ಅಳಿಸು’ ಎಂಬ ಸಾಲು ತಾನೊಂದೇ ಓಡುತ್ತಿದ್ದು, ಬ್ಯಾಕಪ್ ಕೆಟ್ಟು ತಿಂಗಳಾದರೆ ಇದ್ದದ್ದೆಲ್ಲ ಖಾಲಿ. ಕೊನೆಯ 30 ಕಟ್ಟು ಉಳಿಸು ಎಂದು ಸಂಖ್ಯೆಯ ಲೆಕ್ಕ ಇಡಿ. ಅಳಿಸುವ ಸಾಲು, ಆ ದಿನದ ಕಟ್ಟು ತಯಾರಾಗಿ ಪರೀಕ್ಷೆ ದಾಟಿದ ನಂತರವೇ ಬರಲಿ.

7. ವೇಳೆ ಗೊತ್ತುಮಾಡಿ

ರಾತ್ರಿ 2 ಗಂಟೆಗೆ ಎಂದು ಬರೆದು, ಸಂಜೆ 7ಕ್ಕೆ ಕಚೇರಿಯ ಮೇನ್ ಸ್ವಿಚ್ ಆಫ್ ಮಾಡಿ ಹೋದರೆ ಬ್ಯಾಕಪ್ ಯಾವತ್ತೂ ಓಡುವುದಿಲ್ಲ. ಬೆಳಿಗ್ಗೆ 11.30ಕ್ಕೆ ಇಡಿ; ಕೆಲವು ಸೆಕೆಂಡುಗಳ ಕೆಲಸ, ಯಾರಿಗೂ ಅಡ್ಡಿಯಿಲ್ಲ. ಇಲ್ಲವೇ ಕ್ರಾನ್ ಬದಲು ಸಿಸ್ಟಂಡಿ ಟೈಮರ್ ಬಳಸಿ ‘ಪರ್ಸಿಸ್ಟೆಂಟ್’ (ಮೊದಲಕ್ಷರ ದೊಡ್ಡದು) ಆನ್ ಮಾಡಿ, ತಪ್ಪಿದ ಓಟವನ್ನು ಸರ್ವರ್ ಮತ್ತೆ ಆನ್ ಆದ ಮೇಲೆ ಅದು ಪೂರೈಸುತ್ತದೆ.

ಕ್ರಾನ್‌ನಲ್ಲಿ ಎರಡು ಹಳ್ಳಗಳಿವೆ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ಶೇಕಡಾ ಗುರುತಿಗೆ ಬೇರೆ ಅರ್ಥವಿದೆ. ತಾರೀಕಿನ ನಮೂನೆಯನ್ನು ಅಲ್ಲೇ ಬರೆದರೆ ಸಾಲು ತುಂಡಾಗುತ್ತದೆ, ಅದನ್ನು ಸ್ಕ್ರಿಪ್ಟ್ ಒಳಗೇ ಇಡಿ. ಇನ್ನು /ಇಟಿಸಿ/ಕ್ರಾನ್.ಡೈಲಿಯಲ್ಲಿ ಸ್ಕ್ರಿಪ್ಟ್ ಇಡುವವರು ಹೆಸರಿನಲ್ಲಿ ಚುಕ್ಕಿ ಇಡಬಾರದು. ‘ಬ್ಯಾಕಪ್.ಎಸ್‌ಎಚ್’ ಎಂದಿಟ್ಟರೆ ಅದನ್ನು ಮುಟ್ಟುವುದೇ ಇಲ್ಲ, ಬರೀ ‘ಬ್ಯಾಕಪ್’ ಎಂದಿಡಿ.

ಆಯುಧಪೂಜೆಯ ಹಿಂದಿನ ದಿನ ಒಮ್ಮೆ ಕೈಯಿಂದಲೂ ಓಡಿಸಿ. ಧೂಳು ಹೊಡೆದು ಪೂಜೆ ಮಾಡಿ ರಜೆ ಮುಗಿಯುವವರೆಗೆ ಆಫ್ ಮಾಡಿಟ್ಟ ಹಳೆಯ ಡಿಸ್ಕ್ ಮತ್ತೆ ತಿರುಗದೇ ಹೋಗುವ ಸಾಧ್ಯತೆ ಇದ್ದೇ ಇದೆ.

8. ವಾಪಸ್ ಹಾಕಿ ನೋಡಿ

ಬಿಚ್ಚಿ ನೋಡದ ಬ್ಯಾಕಪ್ ಮೇಲೆ ಭರವಸೆ ಇಡಲಾಗದು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರ್ ಅಥವಾ ವರ್ಚುವಲ್ ಮಷೀನ್‌ನಲ್ಲಿ ಬೀಗ ತೆಗೆದು, ಖಾಲಿ ಫೋಲ್ಡರ್‌ನಲ್ಲಿ ಬಿಚ್ಚಿ. ದೊಡ್ಡಕ್ಷರದ ಸಿ ಆಯ್ಕೆಯಿಂದ ಆ ಫೋಲ್ಡರ್‌ನ್ನು ತೋರಿಸಬೇಕು. ‘ನ್ಯೂಮೆರಿಕ್-ಓನರ್’ ಬಗ್ಗೆ ವಿವೇಚನೆ ಇರಲಿ: ಅದನ್ನು ಕೊಟ್ಟರೆ ಫೈಲಿನ ಯಜಮಾನನನ್ನು ಸಂಖ್ಯೆಯಿಂದ ಗುರುತಿಸುತ್ತದೆ, ಕೊಡದಿದ್ದರೆ ಹೆಸರಿನಿಂದ. ಹೊಸ ಸರ್ವರ್‌ನಲ್ಲಿ ಖಾತೆಗಳ ಸಂಖ್ಯೆ ಬೇರೆಯಾಗಿರಬಹುದು, ಅಲ್ಲಿ ಹೆಸರೇ ಸರಿ.

ನಿಜವಾಗಿ ಸರ್ವರ್ ಮತ್ತೆ ಕಟ್ಟುವಾಗ ಮೊದಲು ಪ್ಯಾಕೇಜ್‌ಗಳನ್ನು ಹಾಕಿ, ಆಮೇಲೆ ಒಂದೊಂದೇ ಸೇವೆಯ ಫೈಲನ್ನು ಡಿಫ್ ಕಮಾಂಡ್‌ನಿಂದ ಹೋಲಿಸಿ ಕಾಪಿ ಮಾಡಿ. ಎಫ್‌ಎಸ್‌ಟ್ಯಾಬ್ (ಡಿಸ್ಕ್ ಜೋಡಣೆಯ ಪಟ್ಟಿ) ಮತ್ತು ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಎಂದಿಗೂ ನೇರ ಕಾಪಿಯಾಗಬಾರದು. ಹೊಸ ಡಿಸ್ಕ್‌ನ ಗುರುತು ಸಂಖ್ಯೆ, ಹೊಸ ನೆಟ್‌ವರ್ಕ್ ಕಾರ್ಡ್‌ನ ಹೆಸರು ಬೇರೆ ಇರುತ್ತವೆ. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಹೊಸದನ್ನು ತಿದ್ದಿ. ‘ನೆಟ್‌ಪ್ಲಾನ್ ಟ್ರೈ’ ಬಳಸಿದರೆ ನೀವು ಒಪ್ಪಿಗೆ ಕೊಡದಿದ್ದಲ್ಲಿ 120 ಸೆಕೆಂಡಿನಲ್ಲಿ ಹಳೆಯ ಸೆಟ್ಟಿಂಗ್ ತಾನೇ ವಾಪಸ್ ಬರುತ್ತದೆ.

ಪ್ರಿಂಟರ್ ಸೆಟ್ಟಿಂಗ್ ಹಾಕುವಾಗ ಮೊದಲು ಕಪ್ಸ್ (ಪ್ರಿಂಟಿಂಗ್ ನೋಡಿಕೊಳ್ಳುವ) ಸೇವೆ ನಿಲ್ಲಿಸಿ. ಓಡುತ್ತಿರುವ ಕಪ್ಸ್ ತನ್ನ ನೆನಪಿನಲ್ಲಿರುವುದನ್ನೇ ಪ್ರಿಂಟರ್ಸ್.ಕಾನ್ಫ್ ಮೇಲೆ ಮತ್ತೆ ಬರೆದು, ನೀವು ಹಾಕಿದ್ದನ್ನು ಅಳಿಸಿಬಿಡುತ್ತದೆ.

ಯಾವುದೇ ಸೇವೆಯನ್ನು ರೀಸ್ಟಾರ್ಟ್ ಮಾಡುವ ಮುನ್ನ ಅದರದೇ ಪರೀಕ್ಷೆ ಓಡಿಸಿ: ಎಂಜಿನ್‌ಎಕ್ಸ್‌ಗೆ ‘ಎಂಜಿನ್‌ಎಕ್ಸ್ ಹೈಫನ್ ಟಿ’, ಎಸ್‌ಎಸ್‌ಎಚ್‌ಗೆ ‘ಎಸ್‌ಎಸ್‌ಎಚ್‌ಡಿ ಹೈಫನ್ ಟಿ’, ಸುಡುವರ್ಸ್‌ಗೆ (ಯಾರಿಗೆ ರೂಟ್ ಅಧಿಕಾರ ಎಂಬ ಪಟ್ಟಿ) ‘ವಿಸುಡು ಹೈಫನ್ ಸಿ’, ಸಾಂಬಾಗೆ ‘ಟೆಸ್ಟ್‌ಪಾರ್ಮ್’, ಎಫ್‌ಎಸ್‌ಟ್ಯಾಬ್‌ಗೆ ‘ಫೈಂಡ್‌ಮೌಂಟ್’ ಎಂದು ಓದುವ ಎಫ್‌ಐಎನ್‌ಡಿಎಂಎನ್‌ಟಿ ಕಮಾಂಡ್‌ನ ‘ವೆರಿಫೈ’ ಆಯ್ಕೆ. ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡುವಾಗ ತೆರೆದಿರುವ ಲಾಗಿನ್ ಮುಚ್ಚಬೇಡಿ. ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ, ಆದಮೇಲೆ ಇದನ್ನು ಮುಚ್ಚಿ.

ಮುಂದೆ ಸರ್ವರ್‌ನಲ್ಲಿ ಹೊಸ ಸೇವೆ ಹಾಕಿದ ದಿನವೇ ಅದರ ಹಾದಿಯನ್ನು ‘ಬೇಕು’ ಪಟ್ಟಿಗೆ ಬರೆಯಿರಿ. ವರ್ಷಕ್ಕೆ ಎರಡು ಸಲ ಮೊದಲ ಹಂತದ ಡೆಬ್‌ಸಮ್ಸ್ ಮತ್ತು ಫೈಂಡ್ ಮತ್ತೆ ಓಡಿಸಿ, ಪಟ್ಟಿಯಲ್ಲಿಲ್ಲದ್ದು ಏನಾದರೂ ಬಂದಿದೆಯೇ ನೋಡಿ.